ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ

ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗೆ ಹೋಗುವುದೆಂದು ಅವನಿನ್ನೂ ತೀರ್ಮಾನಿಸಿರಲಿಲ್ಲ. ಗೋಡೆಯ ಮೇಲಿದ್ದ ಕಂಪನಿಯ ಹೆಸರನ್ನು ಓದುವವನ ಹಾಗೆ ಸುಮ್ಮನೆ ನಿಂತಿದ್ದ, ಅಷ್ಟೆ. ಕಾಲು ಒಂದು ಗೇಣು ಮುಂದೆ ಜರುಗಿತೋ ಏನೋ, ಬಾಗಿಲು ಎರಡು ಪಾಲಾಗಿ ಸರಿದು ಒಳಗಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ತಲೆಯೆತ್ತಿ ನೋಡಿದ. ಈಗ ಹಿಂದಕ್ಕೆ ಸರಿದರೆ ಏನೆಂದುಕೊಂಡಾನು? ತೆರೆದ ಬಾಗಿಲಿಗೆ ಬೆನ್ನು ತೋರಿಸುವುದು ಮರ್ಯಾದೆಯಲ್ಲ ಎಂಬ ಒಂದೇ ಕಾರಣಕ್ಕೆ ಅವನು ಒಳಗೆ ಹೋದ. ತನ್ನ ಬದುಕಿನ ದೊಡ್ಡ ದೊಡ್ಡ ಕೆಲಸಗಳೆಲ್ಲ ಹೀಗೇ ಆಗಿಹೋದವಲ್ಲ ಎಂದು ಲಿಫ್ಟಿನಲ್ಲಿ ಅನ್ನಿಸಿತು. ಶೂ ಅಂಗಡಿಗೆ ಸೇರಿದ್ದೂ ಹೀಗೆಯೇ. ಬಿಸಿಲು ತಪ್ಪಿಸಿಕೊಳ್ಳಲೆಂದು ಅಂಗಡಿಯೊಳಗೆ ನಿಂತಿದ್ದ, ಮಾಲೀಕ ‘ಕೆಲಸಕ್ಕೆ ಬಂದೆಯಾ’ ಎಂದು ಕೇಳಿದ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹದಿನಾಲ್ಕು ವರ್ಷ ಕಳೆಯಿತು. ಮದುವೆಯಾದದ್ದೂ ಸುಮಾರು ಹಾಗೆಯೇ, ಆದರೆ ಅದನ್ನು ಹೆಂಡತಿಯ ಕಿವಿಗೆ ಬೀಳುವಂತೆ ಯೋಚಿಸುವುದೂ ಕ್ಷೇಮವಲ್ಲ. ಲಿಫ್ಟಿನ ಹೊಳೆಯುವ ಗೋಡೆಯಲ್ಲಿ ನೀಲಿ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಉಗುಳು ನುಂಗುತ್ತಿದ್ದ. ಅದು ತಾನೇ ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು.

ವಿಮೆ ಏಜೆಂಟನ ಪರೀಕ್ಷೆಯಲ್ಲಿ ಪಾಸಾದ ದಿನ ಮನೆಯಲ್ಲಿ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಅಂಗಡಿ ಮುಚ್ಚಿಹೋಗಿ, ನಲವತ್ತು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದು ಪಾಸಾಗುವುದೆಂದರೆ ಸಣ್ಣ ಮಾತೇ? ಏಜೆಂಟನಾಗಲು ಅಷ್ಟು ಸಾಲದು, ಯಾರ ಏಜೆಂಟ ಎಂಬುದೂ ಇದೆ ಎಂದು ಆಮೇಲೆ ತಿಳಿಯಿತು. ಒಂದೇ ಕಂಪನಿಗೆ ಸೇರಿದರೆ ಆ ಕಂಪನಿಯ ಪಾಲಿಸಿ ಮಾತ್ರ ಮಾರಬೇಕು. ಮೊದಲ ವರ್ಷ ಸಂಬಳ, ಕೂರಲು ಮೇಜು ಕುರ್ಚಿ, ಕೊರಳಿಗೆ ಟೈ. ತಂದ ಗಿರಾಕಿಗಳೆಲ್ಲ ಕಂಪನಿಯ ಸ್ವತ್ತು, ಬಿಟ್ಟು ಹೋಗುವಾಗ ಬರಿಗೈ. ಇಲ್ಲವೇ ಯಾರ ಹಂಗೂ ಇಲ್ಲದ ಸ್ವತಂತ್ರ ಏಜೆನ್ಸಿ ಸೇರಬಹುದು. ಅಲ್ಲಿ ಹನ್ನೊಂದು ಕಂಪನಿಗಳ ಪಾಲಿಸಿ ಸಿಗುತ್ತವೆ. ಗಿರಾಕಿಗೆ ಯಾವುದು ಹೊಂದುತ್ತದೋ ನೋಡಿ ಆರಿಸಿಕೊಡಬೇಕು. ಗಿರಾಕಿ ನಿನ್ನವನೇ, ಆದರೆ ಸಂಬಳವಿಲ್ಲ, ಮೇಜಿಲ್ಲ, ಟೈ ಅಂತೂ ಇಲ್ಲವೇ ಇಲ್ಲ. ಎರಡು ಕಡೆಯವರೂ ಬಾ ಎಂದಿದ್ದರು. ಒಂದು ಕಡೆ ಹೆಸರು ಬರೆಸಿದರೆ ಇನ್ನೊಂದು ಕಡೆ ಕಾಲಿಡುವ ಹಾಗಿಲ್ಲ. ನಾಳೆ ಬೆಳಿಗ್ಗೆಯೊಳಗೆ ಹೇಳಬೇಕು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅದೇ ವಾಸಿ. ದರಿ ಯಾವುದು ಪುಲಿ ಯಾವುದು ಎಂದಾದರೂ ಗೊತ್ತಿರುತ್ತದೆ. ಅವನಿಗೆ ಒಂದು ವಾರದಿಂದ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಹೆಸರು ಬರೆಸುವ ಮುಂಚೆ ಒಂದು ದಿನ ಬಂದು ನೋಡಿ ಎಂದು ಒಂದೇ ಕಂಪನಿಯವರು ಟೈಯನ್ನೂ ಮೊದಲೇ ಕೊಟ್ಟು ಕರೆದಿದ್ದರು. ಅವರ ತರಬೇತಿಯ ಕೋಣೆಯಲ್ಲಿ ಹೊಸ ಏಜೆಂಟರು ಸಾಲಾಗಿ ಕೂತಿದ್ದರು. ಎಲ್ಲರ ಕೊರಳಲ್ಲೂ ಅದೇ ಟೈ. ಮ್ಯಾನೇಜರ್ ಅವನಿಗಿಂತ ಹತ್ತು ವರ್ಷ ಚಿಕ್ಕವನಿರಬೇಕು, ನಡೆದರೆ ಹಿಂದೆ ಅತ್ತರಿನ ವಾಸನೆ ನಡೆದು ಬರುತ್ತಿತ್ತು, ಕಾಲಲ್ಲಿ ಅಳತೆಗಿಂತ ಒಂದು ಅಂಕಿ ದೊಡ್ಡದಾದ ಶೂ. ಶೂ ಅಂಗಡಿಯ ಇದೊಂದು ಚಾಳಿ ಅವನನ್ನು ಬಿಟ್ಟಿಲ್ಲ. ಮನುಷ್ಯರನ್ನು ಕಾಲಿನಿಂದ ಮೇಲಕ್ಕೆ ನೋಡುವುದು. ಹಿಮ್ಮಡಿಯ ಬಳಿ ಬೆರಳು ಹೋಗುವಷ್ಟು ಜಾಗ, ಅದಕ್ಕೇ ನಡೆಯುವಾಗ ಪಟಪಟ ಸದ್ದು. ದೊಡ್ಡ ಶೂ ಹಾಕುವವರು ಅವಸರದಲ್ಲಿ ಕೊಂಡವರು, ಇಲ್ಲವೇ ಕಾಲು ಚಿಕ್ಕದೆಂದು ನಾಚಿಕೊಂಡವರು ಎಂದು ಅಂಗಡಿಯಲ್ಲಿ ತಮಾಷೆ ಮಾಡುತ್ತಿದ್ದರು. ಮ್ಯಾನೇಜರ್ ಹೇಳುತ್ತಿದ್ದ: “ಸಾವು ಅನ್ನೋ ಪದ ನಮ್ಮ ಬಾಯಲ್ಲಿ ಬರಬಾರದು. ಕಾಯಿಲೆ ಬೇಡ. ಆಸ್ಪತ್ರೆ ಬೇಡ. ಏನಾದರೂ ಆದರೆ ಅನ್ನಿ. ಅಂದು ಸುಮ್ಮನಾಗಿ. ಮನಸ್ಸಿನಲ್ಲೇ ಮೂರು ಎಣಿಸಿ. ಆ ಮೂರರಲ್ಲಿ ಗಿರಾಕಿ ಏನೇನು ಯೋಚಿಸ್ತಾನೋ ಅದನ್ನ ನಾವು ಮೂರು ಗಂಟೆ ಕೂತು ಹೇಳಿದ್ರೂ ಹೇಳೋಕಾಗಲ್ಲ.” ಎಲ್ಲರೂ ನಕ್ಕರು. ‘ಏನಾದರೂ ಆದರೆ’ ಎಂದು ಅವನು ಮನಸ್ಸಿನಲ್ಲೇ ಹೇಳಿ, ಒಂದು ಎರಡು ಎಂದು ಎಣಿಸಿದ; ಮೂರು ಎನ್ನುವಷ್ಟರಲ್ಲಿ ಅಕ್ಕನ ಕಾಲು ಕಣ್ಣ ಮುಂದೆ ಬಂತು.

ಆಗಲೇ ಮ್ಯಾನೇಜರ್ ಅವನತ್ತ ಬೆರಳು ತೋರಿಸಿದ. “ಬನ್ನಿ ಸರ್, ನಾನು ಗಿರಾಕಿ, ನೀವು ಏಜೆಂಟ್. ಇದು ನನ್ನ ಮನೆ. ಬಂದು ಕೂತು ಮಾತಾಡಿ.” ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿಕೊಂಡ. ಎದುರಿಗೆ ಇನ್ನೊಂದು ಕುರ್ಚಿ ಖಾಲಿ ಇತ್ತು. ಅವನು ಎದ್ದು ಹೋದ, ಎಷ್ಟು ಜನ ನೋಡುತ್ತಿದ್ದಾರೆ ಎಂಬುದಷ್ಟೇ ತಲೆಯಲ್ಲಿ. ಅವನ ಕಾಲುಗಳಿಗೆ ಮಾತ್ರ ತಮ್ಮ ಕೆಲಸ ಚೆನ್ನಾಗಿ ಗೊತ್ತಿತ್ತು. ಅವು ಅವನನ್ನು ಮ್ಯಾನೇಜರನ ಮುಂದೆ ಕೊಂಡೊಯ್ದು, ಒಂದು ಮಂಡಿ ನೆಲಕ್ಕೂರಿ ಕೂರಿಸಿಬಿಟ್ಟವು. ಬಲಗೈ ತಾನಾಗಿ ಮುಂದೆ ಚಾಚಿ ಮ್ಯಾನೇಜರನ ಹಿಮ್ಮಡಿ ಹಿಡಿಯಲು ಹೋಗಿತ್ತು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕೋಣೆ ಬಿದ್ದುಬಿದ್ದು ನಕ್ಕಿತು. “ಬೂಟು!” ಎಂದರು ಹಿಂದಿನಿಂದ ಯಾರೋ, ಆ ಹೆಸರು ಅಂಟಿಕೊಳ್ಳುತ್ತದೆಂದು ಅವನಿಗೆ ಆಗಲೇ ಗೊತ್ತಾಯಿತು. ಮ್ಯಾನೇಜರ್ ಕಾಲು ಹಿಂದಕ್ಕೆಳೆದುಕೊಂಡು, ನಗು ತಡೆದು, ಅವನ ಭುಜ ಹಿಡಿದು ಎಬ್ಬಿಸಿದ. “ಗಿರಾಕಿಯ ಕಣ್ಣು ನೋಡ್ಬೇಕು ಸರ್. ಕಾಲಲ್ಲ.” ಅವನೂ ನಕ್ಕ. ನಗದೆ ಇನ್ನೇನು ಮಾಡಲಿಕ್ಕಿತ್ತು? ಪ್ಯಾಂಟಿನ ಮಂಡಿಗೆ ಅಂಟಿದ್ದ ಧೂಳನ್ನು ಕೊಡವಿಕೊಳ್ಳುತ್ತ ಬಹಳ ಹೊತ್ತು ಬಗ್ಗಿಯೇ ಇದ್ದ.

ಆಮೇಲೆ ಮ್ಯಾನೇಜರ್ ತನ್ನ ಗಾಜಿನ ಕೋಣೆಗೆ ಕರೆದು ಚಹಾ ಕೊಡಿಸಿದ. ಒಳ್ಳೆಯ ಮನುಷ್ಯ, ಅದೇ ಕಷ್ಟ. “ಬೇಜಾರು ಮಾಡ್ಕೋಬೇಡಿ. ನಿಮ್ಮಂಥೋರೇ ಮುಂದೆ ಬರೋದು. ಮೊದಲನೇ ಗಿರಾಕಿ ಯಾರು ಅಂತ ಯೋಚಿಸಿದೀರಾ? ಮನೆಯವರಿಂದಲೇ ಶುರು ಮಾಡಿ, ಧೈರ್ಯ ಬರುತ್ತೆ.”

“ಅಕ್ಕ ಇದ್ದಾಳೆ ಸರ್. ಬೋಣಿ ನಂದೇ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಆಸ್ಪತ್ರೆ ಖರ್ಚಿನ ಪಾಲಿಸಿ ಬೇಕಂತೆ. ಆದ್ರೆ ಅವಳಿಗೆ ಸಕ್ಕರೆ ಕಾಯಿಲೆ.”

ಮ್ಯಾನೇಜರ್ ಬಾಗಿಲಿನ ಕಡೆ ಒಮ್ಮೆ ನೋಡಿದ. “ಸಕ್ಕರೆ ಕಾಯಿಲೆ ಇದ್ದೋರಿಗೆ ನಮ್ಮಲ್ಲಿ ಪಾಲಿಸಿ ಇಲ್ಲ. ಆದ್ರೆ ಅವರು ಅದನ್ನ ತಮ್ಮನಿಗೆ ಹೇಳಿದ್ದಾರೆ, ಏಜೆಂಟಿಗೆ ಹೇಳಿಲ್ಲವಲ್ಲ? ನೀವು ಕೇಳೋಕೆ ಹೋಗ್ಬೇಡಿ. ಕೇಳಿದ್ರೆ ತಾನೇ ಬರೀಬೇಕು?”

“ಆಮೇಲೆ…” ಎಂದು ಅವನು ನಿಲ್ಲಿಸಿದ. “ಏನಾದರೂ ಆದರೆ?”

ಕೋಣೆ ನಿಶ್ಶಬ್ದವಾಯಿತು. ಮ್ಯಾನೇಜರನ ಮುಖ ಅರಳಿತು. “ನೋಡಿ! ಈಗ ಎಷ್ಟು ಚೆನ್ನಾಗಿ ಹೇಳಿದ್ರಿ! ಇದೇ, ಇದೇ ದನಿ!” ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದ, “ಆಮೇಲೆ ಅದನ್ನ ನೋಡ್ಕೊಳ್ಳೋರು ಬೇರೆ ಇದ್ದಾರೆ ಸರ್. ಕೊಡೋದು ಬಿಡೋದು ನೀವಲ್ಲ, ನಾನೂ ಅಲ್ಲ. ನಿಮ್ಮ ಬೆನ್ನ ಹಿಂದೆ ಕಂಪನಿ ಇದೆ. ನಾಳೆ ಬನ್ನಿ, ಮೇಜು ತೋರಿಸ್ತೀನಿ.” ಆ ಮಾತು ಕೇಳಿ ಅವನ ಮೈಯೆಲ್ಲ ಬೆಚ್ಚಗಾಯಿತು. ಬೆನ್ನ ಹಿಂದೆ ಕಂಪನಿ. ಚಳಿಯಲ್ಲಿ ಯಾರೋ ಹೊದಿಕೆ ಹೊದಿಸಿದ ಹಾಗೆ. ಚಹಾದ ಕಪ್ಪು ಕೆಳಗಿಡುವಾಗ ಕೈ ನಡುಗಲಿಲ್ಲ ಎಂಬುದನ್ನು ಗಮನಿಸಿದ. ಆಗ ಅವನಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಹೊರಗೆ ಬಿಸಿಲು ಏರಿತ್ತು. ಟೈ ಬಿಚ್ಚಿ ಜೇಬಿಗಿಟ್ಟುಕೊಂಡು, ಅಂಗಡಿಗಳ ನೆರಳು ಹಿಡಿದು ನಡೆದ. ಬೆನ್ನ ಹಿಂದೆ ಗೋಡೆ ತುಂಬ ಶೂ ಡಬ್ಬಿಗಳಿದ್ದವು ಅಂಗಡಿಯ ಆ ದಿನಗಳಲ್ಲಿ, ನೆಲದಿಂದ ಸೂರಿನವರೆಗೆ, ಎಲ್ಲ ಒಂದೇ ಕಂಪನಿಯವು. ಇಲ್ಲ ಎನ್ನಬಾರದು ಎಂಬುದು ಮಾಲೀಕನ ಒಂದೇ ಕಟ್ಟಳೆ. ಗಿರಾಕಿಯ ಅಳತೆ ಇಲ್ಲದಿದ್ದರೆ ಅದಕ್ಕೆ ಹತ್ತಿರದ್ದು ತರಬೇಕು, ಶೂ ತೊಡಿಸಿ ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ‘ಜಾಗ ಇದೆ’ ಎನ್ನಬೇಕು, ಗಿರಾಕಿ ಮುಖ ಹಿಂಡಿದರೆ ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎನ್ನಬೇಕು. ಸುಳ್ಳೇನಲ್ಲ, ಎಷ್ಟೋ ಸಲ ಆಗುತ್ತಿತ್ತು. ಆಗದಿದ್ದವರು ಎರಡನೇ ಸಲ ಬರುತ್ತಿರಲಿಲ್ಲ, ಆದ್ದರಿಂದ ಎಲ್ಲರದ್ದೂ ಸಡಿಲವಾಯಿತೆಂದೇ ಲೆಕ್ಕ. ಆ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದನೋ, ಹೇಳುವಾಗ ಬಾಯಿ ತಾನಾಗಿ ಅಲುಗುತ್ತಿತ್ತು, ಮನಸ್ಸು ಬೇರೆಲ್ಲೋ ಇರುತ್ತಿತ್ತು. ಅಕ್ಕ ಒಂದು ದಿನ ಬಂದಳು. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಂತೆ. ತಮ್ಮನ ಅಂಗಡಿ, ತಮ್ಮನ ಕೈಯಿಂದಲೇ ತೊಡಿಸಿಕೊಳ್ಳಬೇಕು ಎಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅವಳ ಪಾದ ಅಗಲ, ಅವನಿಗೆ ನೋಡುತ್ತಲೇ ತಿಳಿಯಿತು. ಅಷ್ಟು ಅಗಲದ್ದು ಅವರಲ್ಲಿರಲಿಲ್ಲ, ಎದುರು ಸಾಲಿನ ಅಂಗಡಿಯಲ್ಲಿ ಹತ್ತಾರು ಕಂಪನಿಯ ಶೂಗಳಿದ್ದವು, ಅಲ್ಲಿ ಸಿಗುತ್ತಿತ್ತು. ಮಾಲೀಕ ಗಲ್ಲಾದಲ್ಲಿ ಕೂತು ನೋಡುತ್ತಿದ್ದ. ಅವನು ಮಂಡಿಯೂರಿ, ಹಿಮ್ಮಡಿ ಹಿಡಿದು, ತೊಡಿಸಿ, ಹೆಬ್ಬೆರಳಿನಿಂದ ಒತ್ತಿ, ಆ ಮಾತು ಹೇಳಿದ. ಅಕ್ಕ ‘ಹೌದಾ?’ ಎಂದು ಎದ್ದು ನಿಂತು ನಕ್ಕಳು. ಕಿರುಬೆರಳ ಪಕ್ಕ ಬೊಬ್ಬೆ ಬಂತು, ಒಡೆಯಿತು, ಒಣಗಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಹಾಗೆಯೇ ಎಂದರು. ಆಸ್ಪತ್ರೆಯಲ್ಲಿ ಕಿರುಬೆರಳು ತೆಗೆದರು. ಅಕ್ಕನ ಮುಂದೆ ಆ ಶೂವಿನ ಮಾತು ಯಾರೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ಅವನು ಮಾತ್ರ ದಿನವೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಆ ಶೂವಿನ ಡಬ್ಬಿಯಲ್ಲಿ ಅಕ್ಕ ಈಗ ಔಷಧಿ ಇಟ್ಟುಕೊಳ್ಳುತ್ತಾಳೆ. ಗಟ್ಟಿಯಾಗಿದೆ, ಬಿಸಾಡೋಕೆ ಮನಸ್ಸು ಬರಲಿಲ್ಲ ಎನ್ನುತ್ತಾಳೆ.

ಸ್ವತಂತ್ರ ಏಜೆನ್ಸಿ ಎಂದರೆ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ಹನ್ನೊಂದು ಕಂಪನಿಯಮ್ಮ ಎನ್ನುತ್ತಿದ್ದರು, ಎದುರಿಗೆ ಅಮ್ಮ, ಬೆನ್ನ ಹಿಂದೆ ಹನ್ನೊಂದು ಕಂಪನಿ. ಬಾಗಿಲು ಉಬ್ಬಿಕೊಂಡಿತ್ತು. ತಟ್ಟಿದ. “ತಟ್ಟಿದ್ರೆ ತೆಗಿಯಲ್ಲ ಅದು. ಭುಜ ಕೊಡು!” ಎಂದು ಒಳಗಿನಿಂದ ಕೂಗಿದಳು. ಭುಜ ಕೊಟ್ಟ, ಬಾಗಿಲು ಇದ್ದಕ್ಕಿದ್ದಂತೆ ತೆರೆದು ಮುಗ್ಗರಿಸುತ್ತ ಒಳಗೆ ಬಂದ. ಆಕೆ ಯಾವುದೋ ವಿಮೆ ಕಂಪನಿಯವರ ಜೊತೆ ಫೋನಿನಲ್ಲಿದ್ದಳು. “ಆ ಮನುಷ್ಯ ಆಸ್ಪತ್ರೇಲಿ ಬಿಲ್ ಕಟ್ಟೋ ಜಾಗದಲ್ಲಿ ನಿಂತಿದ್ದಾನೆ ಸ್ವಾಮಿ. ಹೆಂಡ್ತಿ ಒಳಗಿದ್ದಾಳೆ. ನಾಳೆ ನೋಡ್ತೀನಿ ಅಂತ ಅವನಿಗೆ ನಾನು ಹೆಂಗೆ ಹೇಳ್ಲಿ? ನೀವೇ ಹೇಳಿ, ಕೊಡ್ತೀನಿ ಫೋನು.” ಆ ಕಡೆಯವರು ಏನೆಂದರೋ, ಆಕೆ ಫೋನನ್ನು ಮೇಜಿನ ಮೇಲೆ ಕುಕ್ಕಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಅರವತ್ತರ ಮೇಲಿನ ವಯಸ್ಸು, ಕಾಲಲ್ಲಿ ಸವೆದ ರಬ್ಬರಿನ ಚಪ್ಪಲಿ, ಅಳತೆ ಸರಿಯಾಗಿತ್ತು. “ಕೂತ್ಕೋಪ್ಪಾ. ಏನು ತೀರ್ಮಾನ ಮಾಡಿದೆ?”

“ಇನ್ನೂ ಮಾಡಿಲ್ಲಮ್ಮಾ.”

“ಹೆದರಿಕೆನಾ?” ಎಂದಳು, ಊಟ ಆಯ್ತಾ ಎಂದು ಕೇಳುವ ದನಿಯಲ್ಲಿ. ಅವನು ಹೌದು ಎನ್ನಲೋ ಬೇಡವೋ ಎಂದು ನೋಡುತ್ತಿರುವಾಗ ಆಕೆಯೇ ಮುಂದುವರಿಸಿದಳು. “ಅಲ್ಲಿ ಇರೋದು ಒಂದೇ. ಇದಪ್ಪಾ ನಮ್ಮಲ್ಲಿರೋದು ಅಂತ ಕೈ ತೊಳ್ಕೋಬಹುದು. ಇಲ್ಲಿ ಹಂಗಲ್ಲ. ಹನ್ನೊಂದು ಇದ್ದಾಗ ಇದನ್ನೇ ಯಾಕೆ ಕೊಟ್ಟೆ ಅಂತ ಕೇಳ್ತಾರೆ. ಒಬ್ಬ ಕೇಳಿದ. ಹೆಂಡ್ತಿಗೆ ಕಿಡ್ನಿ ಹೋಗಿತ್ತು. ನಾನು ಕೊಟ್ಟ ಪಾಲಿಸಿಲಿ ಅದಕ್ಕೆ ಇದ್ದದ್ದು ಕಮ್ಮಿ, ಇನ್ನೊಂದು ಕಂಪನಿದ್ರಲ್ಲಿ ಜಾಸ್ತಿ ಇತ್ತು.”

“ನೀವು ಏನು ಹೇಳಿದ್ರಿ?”

“ಏನು ಹೇಳೋದು? ತಪ್ಪಾಯ್ತು ಅಂದೆ. ಆವತ್ತು ಎರಡೂ ಒಂದೇ ಥರ ಕಂಡಿತ್ತು, ಒಂದನ್ನ ಆರಿಸಿದೆ ಅಂದೆ. ಅವನು ಈಗಲೂ ಬರ್ತಾನೆ. ಬಂದು ಸ್ವಲ್ಪ ಹೊತ್ತು ಕೂತ್ಕೊಂಡು ಹೋಗ್ತಾನೆ. ಮಾತಾಡಲ್ಲ. ನಾನೂ ಮಾತಾಡಲ್ಲ. ಆ ಕುರ್ಚಿನಲ್ಲೇ ಕೂರೋದು.”

ಅವನು ಈಗ ಕೂತಿದ್ದದ್ದು ಅದೇ ಕುರ್ಚಿ. ಎದ್ದುಬಿಡಬೇಕೆನ್ನಿಸಿತು, ಎದ್ದರೆ ಆಕೆಗೆ ಅವಮಾನ ಮಾಡಿದ ಹಾಗೆ. ಕುರ್ಚಿಯ ಕೈ ಹಿಡಿದುಕೊಂಡ. ಅದು ಹಿಡಿದು ಹಿಡಿದು ನುಣುಪಾಗಿತ್ತು, ಕೂಡಲೇ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಆ ಮನುಷ್ಯ ಕೂತು ಎಲ್ಲಿ ನೋಡುತ್ತಾನೆ? ಈ ಹೆಂಗಸಿನ ಮುಖವನ್ನೋ, ಕಿಟಕಿಯನ್ನೋ? ಅವನಿಗೆ ಒಮ್ಮೆಲೇ ಆ ಗಾಜಿನ ಕೋಣೆ, ಚಹಾ, ಬೆನ್ನ ಹಿಂದೆ ಕಂಪನಿ ಇದೆ ಎಂದ ದನಿ ಎಲ್ಲ ನೆನಪಾಗಿ, ಓಡಿಹೋಗಿ ಆ ಬಾಗಿಲಿನ ಮುಂದೆ ನಿಲ್ಲಬೇಕು ಎನ್ನಿಸಿತು. ನಿಂತರೆ ಸಾಕು, ತೆರೆಯುತ್ತದೆ. ಆದರೂ ಕೇಳಿದ, ಅಕ್ಕ ಎನ್ನದೆ ಯಾರೋ ಒಬ್ಬರು ಗಿರಾಕಿ ಎಂದು ಕೇಳಿದ: ಐವತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆ, ಕಾಲಿನ ಒಂದು ಬೆರಳು ತೆಗೆದಿದ್ದಾರೆ, ಅಂಥವರಿಗೆ ಏನಾದರೂ ಇದೆಯೇ? ಆಕೆ ಕನ್ನಡಕ ಹಾಕಿಕೊಂಡು ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಹತ್ತು ಕಂಪನಿಯವರು ಆಗುವುದಿಲ್ಲ ಎನ್ನುತ್ತಾರಂತೆ. ಒಬ್ಬರು ಕೊಡುತ್ತಾರೆ. ಕಂತು ದುಬಾರಿ, ಸುಮಾರು ದುಪ್ಪಟ್ಟು. ಸಕ್ಕರೆಯಿಂದ, ಕಾಲಿನಿಂದ ಏನೇ ಬಂದರೂ ಮೊದಲ ಎರಡು ವರ್ಷ ಏನೂ ಕೊಡುವುದಿಲ್ಲ, ಉಳಿದದ್ದಕ್ಕೆ ಕೊಡುತ್ತಾರೆ, ಎರಡು ವರ್ಷ ಕಳೆದರೆ ಎಲ್ಲಕ್ಕೂ.

“ತಗೋಬಹುದಾ ಅಮ್ಮಾ ಅದನ್ನ?”

“ನನ್ನನ್ನ ಯಾಕೆ ಕೇಳ್ತೀಯ?” ಎಂದಳು ಹನ್ನೊಂದು ಕಂಪನಿಯಮ್ಮ, ಕೋಪವಿಲ್ಲದೆ. “ಅದನ್ನ ಹೇಳೋಕೇ ತಾನೇ ನೀನಿರೋದು.”

ಮನೆಗೆ ಹೋಗುವ ದಾರಿಯನ್ನು ಬೇಕೆಂದೇ ಬಳಸು ಮಾಡಿಕೊಂಡ. ಶೂ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಗಾಜಿನ ಮುಂದೆ ನಿಂತು ನೋಡಿದ, ಡಬ್ಬಿಗಳ ಗೋಡೆ ಇದ್ದ ಜಾಗದಲ್ಲಿ ಬೆಳ್ಳನೆಯ ಬಣ್ಣ ಬಳಿದಿದ್ದರು, ಅಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಜೇಬಿನಿಂದ ಮುದುಡಿದ ಟೈ ತೆಗೆದು ಕೊಟ್ಟಾಗ ಅವಳು ಅದನ್ನು ಮಂಡಿಯ ಮೇಲೆ ಹರಡಿ, ಮಗುವಿನ ಬೆನ್ನು ಸವರುವ ಹಾಗೆ ಸವರಿ ನೇರ ಮಾಡಿದಳು. “ನೋಡ್ರೀ, ನಂಗೆ ವಿಮೆ ಗಿಮೆ ತಿಳಿಯಲ್ಲ. ಹನ್ನೊಂದು ಜನ ಯಜಮಾನ್ರು ಅಂದ್ರೆ ಸಂಬಳ ಕೊಡೋ ಯಜಮಾನ ಯಾರೂ ಇಲ್ಲ ಅಂತ ಅರ್ಥ. ಅಷ್ಟು ತಿಳಿಯುತ್ತೆ. ನಾನು ದುಡೀತಿರೋದ್ರಲ್ಲಿ ಒಂದು ವರ್ಷ ತಳ್ಳಬಹುದು, ಇಲ್ಲ ಅನ್ನಲ್ಲ. ಆದ್ರೆ ನೀವು ಬಾಯಿಬಿಟ್ಟು ಹೇಳ್ಬೇಕು. ಅವರು ಕರೆದ್ರು ಹೋದೆ, ಇವರು ಅಂದ್ರು ಬಂದೆ ಅಂತ ಈ ಸಲ ಬೇಡ.” ಅವನು ಹೂಂ ಎಂದ. ಈ ಸಲ ಎಂದಳಲ್ಲ, ಉಳಿದ ಸಲಗಳ ಲೆಕ್ಕವೂ ಅವಳ ಬಳಿ ಇದೆ ಎಂದು ಮುಜುಗರವಾಯಿತು. ಮುಂದಿನ ಕೋಣೆಯಿಂದ ಅಕ್ಕ ಕರೆದಳು: “ಬಂದನಾ ನಮ್ಮ ಏಜೆಂಟು? ಗಿರಾಕಿ ಕಾಯ್ತಾ ಕೂತಿದ್ದೀನಿ ಅಂತ ಹೇಳು.”

ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಸಂಜೆಯ ಬೆಳಕು ಕಿಟಕಿಯಿಂದ ಓರೆಯಾಗಿ ಬಂದು ಔಷಧಿಯ ಡಬ್ಬಿಯ ಮೇಲೆ, ಅದರ ಮೇಲಿನ ಮಾಸಿದ ಕಂಪನಿಯ ಹೆಸರಿನ ಮೇಲೆ ಬಿದ್ದಿತ್ತು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಇವಳು. ಅವನ ಮೊದಲ ಶಾಲೆಯ ಶೂವಿಗೆ ತುದಿಯಲ್ಲಿ ಹತ್ತಿ ತುರುಕಿ, ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದನ್ನೇ ಕೊಂಡವಳು. ಇವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ತಮ್ಮ ಇದ್ದಾನೆ. ಇನ್ನೊಂದು ಕಾಲನ್ನೂ ಜೋಪಾನ ಮಾಡಬೇಕು ಎಂದು ಹೋದ ತಿಂಗಳು ಡಾಕ್ಟರು ಹೇಳಿದ್ದರು; ಅಕ್ಕ ಅದನ್ನು ತಮಾಷೆ ಮಾಡಿ ಹೇಳಿದ್ದಳು, ಅವನು ಅದನ್ನು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡಿದ್ದ. “ಹೂಂ, ಶುರು ಮಾಡು. ನಾನು ನಿನ್ನ ಅಕ್ಕ ಅಲ್ಲ. ಎಲ್ಲಿಂದಲೋ ಬಂದ ಹೆಂಗಸು. ನಂಗೆ ಏನು ಕೊಡ್ತೀಯ?” ಎಂದು ಅಕ್ಕ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಕೂತಳು, ಬಾಯಿಯ ಒಂದು ಮೂಲೆಯಲ್ಲಿ ನಗು ಇಟ್ಟುಕೊಂಡು. ಅವನು ಎದುರಿನ ಕುರ್ಚಿಯಲ್ಲಿ ಕೂತ. ಕಣ್ಣಲ್ಲಿ ಕಣ್ಣಿಡಬೇಕು. “ಅಮ್ಮಾ, ನಾಳೆ ನಿಮಗೆ… ಏನಾದರೂ ಆದರೆ…” ಎಂದು ನಿಲ್ಲಿಸಿ, ಒಂದು, ಎರಡು ಎಂದು ಎಣಿಸತೊಡಗಿದ.

“ಏನಾದರೂ ಅಂದ್ರೆ? ಸತ್ರೆ ಅನ್ನೋ! ಕಾಲು ತೆಗೆದ್ರೆ ಅನ್ನು! ನಾಲಿಗೆ ಏನು ಬಾಡಿಗೆಗೆ ತಂದಿದ್ದೀಯಾ?” ಅಕ್ಕ ಗಟ್ಟಿಯಾಗಿ ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. “ಯಾಕೋ? ಹೋಗ್ಲಿ ಬಿಡು. ಪಾಠ ಎಲ್ಲ ಬೇರೆಯೋರಿಗೆ ಇಟ್ಕೋ. ನೀನು ಯಾವುದು ಕೊಟ್ಟರೂ ತಗೋತೀನಿ. ಎಲ್ಲಿ, ಸೈನ್ ಹಾಕೋದು ಎಲ್ಲಿ?”

“ಯಾವುದು ಕೊಟ್ಟರೂ ಅಂತ ಹೇಳಬೇಡ.”

“ಯಾಕೆ ಹೇಳಬಾರದು? ನೀನು ಕೊಡೋದು ತಾನೇ.”

“ನಾನಲ್ಲ ಕೊಡೋದು. ಕಂಪನಿ.” ದನಿ ಎತ್ತರವಾಗಿದ್ದು ಅವನಿಗೇ ಕೇಳಿಸಿತು. “ಕಂಪನಿ ಮಾಡಿದ್ದನ್ನ ನಾನು ತಂದು ಕೊಡ್ತೀನಿ ಅಷ್ಟೇ. ಆವತ್ತಿನ ಶೂ ಕೂಡ ನಾನು ಮಾಡಿದ್ದಲ್ಲ.”

ಬಂದುಬಿಟ್ಟಿತು ಬಾಯಿಗೆ. ಒಳಗೆ ಹೆಂಡತಿ ಬಟ್ಟೆ ಮಡಚುತ್ತಿದ್ದ ಸದ್ದು ನಿಂತಿತು. ಅಕ್ಕ ಬಹಳ ಹೊತ್ತು ತನ್ನ ಕೈ ಬೆರಳುಗಳನ್ನು ನೋಡಿಕೊಂಡಳು. ಬೈಯಲಿ, ಅಳಲಿ, ಎದ್ದು ಹೋಗಲಿ ಎಂದು ಕಾಯುತ್ತ ಅವನು ಕುರ್ಚಿಯ ಅಂಚಿಗೆ ಬಂದಿದ್ದ. “ಬಿಗಿ ಇದೆ ಅಂತ ನಂಗೆ ಅಂಗಡಿಯಲ್ಲೇ ಗೊತ್ತಾಯ್ತು ಕಣೋ,” ಎಂದಳು ಅಕ್ಕ, ಸಾಮಾನ್ಯವಾದ ದನಿಯಲ್ಲಿ. “ಎದ್ದು ನಿಂತಾಗಲೇ ಕಚ್ಚಿತು. ಕಂಪನಿ ಹೆಸರು ನೋಡಿ ಯಾರು ತಗೊಂಡ್ರು? ಆ ಹೆಸರು ಓದೋಕೂ ನಂಗೆ ಬರಲ್ಲ. ನೀನು ಮಂಡಿ ಊರಿ ಹೇಳಿದೆಯಲ್ಲ, ಸಡಿಲ ಆಗುತ್ತೆ ಅಂತ. ನೀನು ಹೇಳಿದೆ ಅಂತ ಹಾಕ್ಕೊಂಡೆ. ಕಚ್ಚಿದಾಗೆಲ್ಲ, ಇಲ್ಲ, ಅವನು ಹೇಳಿದ್ದಾನೆ, ಆಗುತ್ತೆ ಅಂದ್ಕೊಂಡೆ. ಅಷ್ಟೇ.”

ಇಷ್ಟು ವರ್ಷ ಅವನು ಹೆದರಿದ್ದು ಇವಳಿಗೆ ಗೊತ್ತಾದೀತು ಎಂದು. ಇವಳಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಅದಕ್ಕಿಂತ ದೊಡ್ಡ ಭಯ ಈಗ ಎದುರಿಗೆ ಬಂದು ಕೂತಿತ್ತು. ಸೂರಿನವರೆಗೆ ಪೇರಿಸಿದ ಡಬ್ಬಿಗಳನ್ನು ಬೆನ್ನಿಗಿಟ್ಟುಕೊಂಡು ಹದಿನಾಲ್ಕು ವರ್ಷ ಕೂತಿದ್ದನಲ್ಲ, ಆ ಗೋಡೆಯನ್ನು ಯಾರೂ ನೋಡಿರಲೇ ಇಲ್ಲ. ಎಲ್ಲರೂ ನೋಡಿದ್ದು ಅವನನ್ನು. ಬಗ್ಗಿದ ಅವನ ತಲೆಯನ್ನು, ಒತ್ತಿದ ಅವನ ಹೆಬ್ಬೆರಳನ್ನು ನೋಡಿ, ಅವನ ಬಾಯಿಂದ ಬಂದ ಮಾತನ್ನು ನಂಬಿ ಕುಂಟಿಕೊಂಡು ಮನೆಗೆ ಹೋದರು. ನೀಲಿ ಟೈ ಕಟ್ಟಿಕೊಂಡು ಕೇಳಬೇಕಾದ್ದನ್ನು ಕೇಳದೆ ಬಂದರೂ ಹಾಗೆಯೇ, ಕೇಳದೆ ಬಂದವನು ಕಂಪನಿಯಲ್ಲ, ಅವನೇ. ಎಲ್ಲಿ ಹೋದರೂ ಆ ನುಣುಪಾದ ಕೈಯ ಕುರ್ಚಿ ಇರುತ್ತದೆ. ಹನ್ನೊಂದು ಕಂಪನಿಯಮ್ಮ ಅದನ್ನು ತನ್ನ ಕೋಣೆಯಲ್ಲಿ ಕಣ್ಣೆದುರಿಗೇ ಇಟ್ಟುಕೊಂಡಿದ್ದಾಳೆ, ಅಷ್ಟೇ ವ್ಯತ್ಯಾಸ. ಓಡಿಹೋಗಿ ನಿಲ್ಲಲು ಒಂದು ಬಾಗಿಲಿದೆ ಎಂದುಕೊಂಡಿದ್ದ. ಅದರ ಒಳಗೂ ತಾನೇ ಇದ್ದೇನೆ ಎಂದು ತಿಳಿದಾಗ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತ.

“ಕಾಲು ಕೊಡು,” ಎಂದ.

“ಯಾವುದು?”

“ಎರಡೂ.”

ಅಕ್ಕ ಸಂಕೋಚದಿಂದ ಸೀರೆಯನ್ನು ಗಿಣ್ಣಿನವರೆಗೆ ಎತ್ತಿ, ಮೊದಲು ಎಡಗಾಲು, ಆಮೇಲೆ ಬಲಗಾಲನ್ನು ಅವನ ಮಂಡಿಯ ಮೇಲಿಟ್ಟಳು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಬೆರಳು ತೆಗೆದ ಕಾಲನ್ನು ನೋಡಿರಲಿಲ್ಲ, ನೋಡದಿರುವುದರಲ್ಲಿ ನಿಪುಣನಾಗಿದ್ದ. ಕಿರುಬೆರಳಿದ್ದ ಜಾಗ ನುಣ್ಣಗೆ, ತುಸು ಒಳಸರಿದು, ತೆಳ್ಳನೆಯ ಗುಲಾಬಿ ಬಣ್ಣದ ಚರ್ಮ. ಹೆಬ್ಬೆರಳಿನಿಂದ ಮುಟ್ಟಿದ. ಇನ್ನೊಂದು ಪಾದದ ಅಡಿಯಲ್ಲಿ ಒಂದು ಕಡೆ ಚರ್ಮ ಒರಟಾಗಿ ಬಿರಿದಿತ್ತು. “ಇಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ?” ಅಕ್ಕ ತಲೆಯಲ್ಲಾಡಿಸಿದಳು, ಗೊತ್ತಾಗಲ್ಲ. “ಎಷ್ಟು ದಿನದಿಂದ?” ಹೇಳಿದಳು. “ಸಕ್ಕರೆ ಶುರುವಾಗಿದ್ದು ಯಾವಾಗ, ನಂಗೆ ಹೇಳಿದ್ದಕ್ಕಿಂತ ಮುಂಚೆನಾ?” ಮುಂಚೆಯೇ ಎಂದಳು. ಒಂದೊಂದಾಗಿ ಕೇಳಿದ, ಕೇಳಬೇಡಿ ಎಂದು ಮ್ಯಾನೇಜರ್ ಹೇಳಿದ್ದನ್ನೆಲ್ಲ. ಒಂದೊಂದು ಉತ್ತರಕ್ಕೂ ನೀಲಿ ಟೈ ಸ್ವಲ್ಪ ಸ್ವಲ್ಪವೇ ದೂರ ಹೋಗುತ್ತಿತ್ತು. ಅದು ಹೋಗುವುದನ್ನು ಅವನು ಹೆದರಿಕೆಯಿಂದಲೇ ನೋಡಿದ. ಆಮೇಲೆ ಹೇಳಿದ: ಟೈ ಕೊಟ್ಟ ಕಂಪನಿಯಲ್ಲಿ ನಿನಗೆ ಆಗುವುದು ಯಾವುದೂ ಇಲ್ಲ. ಮುಚ್ಚಿಟ್ಟರೆ ಇದೆ, ಆದರೆ ಬೇಕಾದ ದಿನ ಕೈಬಿಡುತ್ತಾರೆ. ಅಲ್ಲಿಗೆ ನಾನು ಹೋಗುವುದಿಲ್ಲ. ಇನ್ನೊಂದು ಕಡೆ ಒಂದಿದೆ. ದುಬಾರಿ. ಎರಡು ವರ್ಷ ಈ ಕಾಲಿನ ಖರ್ಚು ಅದರಲ್ಲಿ ಸಿಗುವುದಿಲ್ಲ, ಅಷ್ಟರೊಳಗೆ ಏನಾದರೂ, ಎಂದು ನಿಲ್ಲಿಸಿ, “ಅಷ್ಟರೊಳಗೆ ಕಾಲು ತೆಗೀಬೇಕಾಗಿ ಬಂದ್ರೆ ಒಂದು ಕಾಸೂ ಬರಲ್ಲ,” ಎಂದ.

ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಟೈ ಅವಳ ಕೈಯಲ್ಲೇ ಇತ್ತು.

“ನೀನು ಹೇಳು. ತಗೊಳ್ಳಲಾ?” ಎಂದು ಕೇಳಿದಳು ಅಕ್ಕ.

ಅವನು ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು, ಗೋಡೆಯ ಮೇಲೆ ಬಟ್ಟೆ ನೇತುಹಾಕುವ ಮೊಳೆ. “ತಗೋ,” ಎಂದ.

“ಸರಿ,” ಎಂದಳು ಅಕ್ಕ ತಕ್ಷಣ, ಒಂದು ಉಸಿರೂ ತಡ ಮಾಡದೆ.

ಅಂಗಡಿಯಲ್ಲಿ ‘ಹೌದಾ’ ಎಂದು ಎದ್ದು ನಿಂತಾಗಿನ ಅದೇ ಮುಖ. ಅವನು ಅವಳ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡ, ಬಿಟ್ಟರೆ ಎದ್ದು ನಡೆದುಬಿಡುತ್ತಾಳೆ ಎಂಬಂತೆ. “ಅಷ್ಟು ಬೇಗ ಒಪ್ಪಬೇಡ ಅಕ್ಕಾ. ನಂಗೆ ಹೆದರಿಕೆ ಆಗುತ್ತೆ. ಇನ್ನೊಂದು ಸಲ ಕೇಳು.”

“ಏನು ಕೇಳಲಿ?”

“ಏನಾದ್ರೂ ಕೇಳು.”

ಅಕ್ಕ ಯೋಚಿಸಿದಳು. ಈ ಸಲ ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟಿಕ್ಕಿ, ಬೇರೆ ಯಾರೋ ಅಂಗಡಿಯವನನ್ನು ನೋಡುವ ಹಾಗೆ ಅವನನ್ನು ನೋಡಿದಳು.

“ಬಿಗಿ ಆಗಲ್ವಾ?”

“ಆಗುತ್ತೆ,” ಎಂದ. “ಪ್ರತಿ ಸಲ ಕಂತು ಕಟ್ಟುವಾಗಲೂ ಆಗುತ್ತೆ. ಸಡಿಲ ಆಗಲ್ಲ.”